ಸೂರ್ಯನ ಕಿರೀಟಕ್ಕೊಂದು ಕಾವಲು

1980ರ ಫೆಬ್ರವರಿ 16ರ ಮಧ್ಯಾಹ್ನ ಅಂಕೋಲಾದಿಂದ ರಾಯಚೂರಿನ ಕಡೆಗೆ ಹಾದುಹೋಗುವ ಒಂದು ಪಟ್ಟಿಯಲ್ಲಿ ಹಗಲೇ ಕತ್ತಲಾಯಿತು. ಆ ಕಡೆಯ ಹಿರಿಯರನ್ನು ಕೇಳಿ ನೋಡಿ. ಬಾಗಿಲು ಹಾಕಿಕೊಂಡು ಒಳಗೇ ಕುಳಿತಿದ್ದೆವು ಎಂದು ಕೆಲವರಾದರೂ ಹೇಳಿಯಾರು. ಹೊರಗೆ ನಿಂತವರಿಗೆ ಕಂಡದ್ದು ಕಪ್ಪು ಬಿಲ್ಲೆಯಂತಾದ ಸೂರ್ಯನ ಸುತ್ತ ಬೆಳ್ಳಿ ಬಣ್ಣದ ಪ್ರಭಾವಳಿ. ಅದೇ ಕರೋನಾ, ಅಂದರೆ ಸೂರ್ಯನ ಕಿರೀಟ. ಆ ನೋಟ ಮೂರು ನಿಮಿಷವೂ ಉಳಿಯಲಿಲ್ಲ.

ಈ ಕಿರೀಟ ನಿಜಕ್ಕೂ ಸೂರ್ಯನ ಹೊರ ವಾತಾವರಣ. ಸೂರ್ಯನ ಮೇಲ್ಮೈ ಉಷ್ಣತೆ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಕಿರೀಟದ್ದು ಹತ್ತು ಲಕ್ಷ ಡಿಗ್ರಿಗೂ ಹೆಚ್ಚು. ಅಲ್ಲಿರುವುದು ವಿದ್ಯುದಾವೇಶ ಪಡೆದ ಅನಿಲ, ಅಂದರೆ ಪ್ಲಾಸ್ಮಾ. ಅದನ್ನು ಹಿಡಿದಿಟ್ಟಿರುವುದು ಸೂರ್ಯನ ಕಾಂತಕ್ಷೇತ್ರ. ಈ ಕ್ಷೇತ್ರದ ಎಳೆಗಳು ತಿರುಚಿಕೊಂಡು, ಬಿಗಿಯಾಗಿ, ಕೊನೆಗೆ ಕಟ್ಟು ಕಳಚಿದಾಗ ನೂರು ಕೋಟಿ ಟನ್ನಿನಷ್ಟು ಪ್ಲಾಸ್ಮಾ ತನ್ನ ಕಾಂತಕ್ಷೇತ್ರದ ಸಮೇತ ಆಕಾಶಕ್ಕೆ ಚಿಮ್ಮಬಹುದು. ಇದಕ್ಕೆ ಕಿರೀಟದ ದ್ರವ್ಯೋತ್ಸರ್ಜನೆ ಎಂದು ಹೆಸರು.

ಎಲ್ಲೋ ದೂರದ ಸಂಗತಿ ಎಂದು ಇದನ್ನು ಬಿಡುವಂತಿಲ್ಲ. 1989ರ ಮಾರ್ಚ್ 13ರ ನಸುಕಿನಲ್ಲಿ ಇಂಥದೊಂದು ಹೊಡೆತದಿಂದ ಭೂಮಿಯ ಕಾಂತಕ್ಷೇತ್ರ ಅಲುಗಾಡಿತು. ಕೆನಡಾದ ಕ್ವಿಬೆಕ್ ಪ್ರಾಂತದ ವಿದ್ಯುತ್ ಜಾಲ ಎರಡು ನಿಮಿಷದೊಳಗೆ ಕುಸಿಯಿತು. ಸುಮಾರು 60 ಲಕ್ಷ ಜನ ಒಂಬತ್ತು ಗಂಟೆಗಳ ಕಾಲ ವಿದ್ಯುತ್ ಇಲ್ಲದೆ ಕಳೆದರು. ಉಪಗ್ರಹಗಳನ್ನೂ ದಿಕ್ಕು ತೋರುವ ಸಾಧನಗಳನ್ನೂ ನಂಬಿದ ಇಂದಿನ ಜೀವನಕ್ಕೆ ಅಪಾಯ ಇನ್ನೂ ಹೆಚ್ಚು.

ಹಾಗಾದರೆ ಇದನ್ನು ಮುಂಚಿತವಾಗಿ ನೋಡುವುದು ಹೇಗೆ? ರಾತ್ರಿ ಎದುರಿನಿಂದ ಲಾರಿ ಬಂದಾಗ ಅದರ ದೀಪಕ್ಕೆ ಅಂಗೈ ಅಡ್ಡ ಹಿಡಿದರೆ ಪಕ್ಕದಲ್ಲಿ ನಿಂತವರು ಕಾಣುತ್ತಾರಲ್ಲವೇ? ಕರೋನಾಗ್ರಾಫ್ ಮಾಡುವುದೂ ಅದನ್ನೇ. ದೂರದರ್ಶಕದಲ್ಲಿ ಒಂದು ತಟ್ಟೆಯನ್ನು ಅಡ್ಡವಿಟ್ಟು ಸೂರ್ಯಬಿಂಬವನ್ನು ಮರೆಮಾಡಿದರೆ ಕೃತಕ ಗ್ರಹಣವಾಯಿತು. 1930ರ ಸುಮಾರಿಗೆ ಫ್ರಾನ್ಸಿನ ಬರ್ನಾರ್ ಲ್ಯೋ ಇದನ್ನು ರೂಪಿಸಿ, ಪಿರೆನೀಸ್ ಪರ್ವತದ ಮೇಲೆ ಬಳಸಿದರು. ಆದರೆ ಕಿರೀಟದ ಬೆಳಕು ಬಿಂಬದ ಬೆಳಕಿನ ಹತ್ತು ಲಕ್ಷದಲ್ಲಿ ಒಂದು ಪಾಲು ಮಾತ್ರ. ನಮ್ಮ ಗಾಳಿ ಚದರಿಸುವ ಬೆಳಕಿನಲ್ಲಿ ಅದು ಮುಳುಗಿಹೋಗುತ್ತದೆ. ಗಾಳಿಯಿಲ್ಲದ ಕಡೆಗೇ ಉಪಕರಣವನ್ನು ಒಯ್ಯಬೇಕಾಯಿತು. (ಬರಿಗಣ್ಣಿನಿಂದಾಗಲಿ ಸಾಮಾನ್ಯ ದೂರದರ್ಶಕದಿಂದಾಗಲಿ ಸೂರ್ಯನನ್ನು ನೀವು ಎಂದೂ ನೋಡಕೂಡದು.)

1971ರ ಡಿಸೆಂಬರಿನಲ್ಲಿ ಅಮೆರಿಕದ ಓಎಸ್‌ಓ-7 ಉಪಗ್ರಹ ಆಕಾಶದಿಂದ ಮೊದಲ ಬಾರಿಗೆ ಇಂಥ ಉತ್ಸರ್ಜನೆಯನ್ನು ದಾಖಲಿಸಿತು. 1973ರಲ್ಲಿ ಸ್ಕೈಲ್ಯಾಬ್ ಇನ್ನೂ ಹಲವನ್ನು ತೋರಿಸಿತು. 1995ರ ಡಿಸೆಂಬರ್ 2ರಂದು ಹೊರಟ ಸೋಹೋ ನೌಕೆ ಭೂಮಿಯಿಂದ ಸೂರ್ಯನತ್ತ 15 ಲಕ್ಷ ಕಿಲೋಮೀಟರ್ ದೂರದ ಎಲ್-1 ಬಿಂದುವಿನ ಬಳಿ ನೆಲೆಸಿತು. ಅಲ್ಲಿ ರಾತ್ರಿಯೂ ಇಲ್ಲ, ಗ್ರಹಣವೂ ಇಲ್ಲ. 1998ರ ಜೂನ್ 25ರಂದು ಸೋಹೋ ಸಂಪರ್ಕ ತಪ್ಪಿ, ತಿರುಗುತ್ತಾ, ಇಂಧನ ಹೆಪ್ಪುಗಟ್ಟಿ ನಿಂತಿತು. ವಿಜ್ಞಾನಿಗಳು ಕೈಚೆಲ್ಲಲಿಲ್ಲ. ರೇಡಾರಿನಿಂದ ಹುಡುಕಿ, ಇಂಧನವನ್ನು ನಿಧಾನವಾಗಿ ಕರಗಿಸಿ, ಸೆಪ್ಟೆಂಬರಿನಲ್ಲಿ ಅದನ್ನು ಮತ್ತೆ ಸೂರ್ಯನತ್ತ ತಿರುಗಿಸಿದರು.

ಆದರೂ ಒಂದು ತೊಡಕು ಉಳಿಯಿತು. ಕ್ರಿಕೆಟ್ ಆಡುವವರಿಗೆ ಇದು ಗೊತ್ತು: ನೇರ ನಮ್ಮ ಮುಖಕ್ಕೇ ಬರುವ ಚೆಂಡಿನ ವೇಗವನ್ನು ಅಳೆಯುವುದು ಕಷ್ಟ, ಬದಿಯಲ್ಲಿ ನಿಂತವನಿಗೆ ಸುಲಭ. ಭೂಮಿಯತ್ತಲೇ ಬರುವ ಉತ್ಸರ್ಜನೆ ಸೋಹೋದ ಚಿತ್ರದಲ್ಲಿ ಸೂರ್ಯನ ಸುತ್ತ ಹಿಗ್ಗುವ ಬಳೆಯಂತೆ ಕಾಣುತ್ತದೆ. ಸೂರ್ಯನ ಹಿಂಬದಿಯಿಂದ ಆಚೆಗೆ ಹೋಗುವುದೂ ಹಾಗೆಯೇ ಕಾಣುತ್ತದೆ! ಅದಕ್ಕಾಗಿ 2006ರಲ್ಲಿ ಸ್ಟೀರಿಯೋ ಎಂಬ ಅವಳಿ ನೌಕೆಗಳನ್ನು ಕಳಿಸಿದರು. ಒಂದು ಭೂಮಿಗಿಂತ ಮುಂದೆ, ಇನ್ನೊಂದು ಹಿಂದೆ ಸಾಗುತ್ತಾ ಬದಿಯಿಂದ ನೋಡಿದವು. 2014ರಲ್ಲಿ ಎರಡನೆಯದರ ಸಂಪರ್ಕ ಕಡಿದುಹೋಯಿತು.

ಈಗ ಒಂದು ಸಣ್ಣ ಲೆಕ್ಕ. ಸೂರ್ಯ ನಮ್ಮಿಂದ 15 ಕೋಟಿ ಕಿಲೋಮೀಟರ್ ದೂರ. ಸೆಕೆಂಡಿಗೆ 500 ಕಿಲೋಮೀಟರ್ ವೇಗದ ಉತ್ಸರ್ಜನೆಗೆ ಇಲ್ಲಿಗೆ ಬರಲು ಮೂರೂವರೆ ದಿನ ಬೇಕು. 2,000 ಕಿಲೋಮೀಟರ್ ವೇಗವಿದ್ದರೆ ಸುಮಾರು 21 ಗಂಟೆ. ಸಾಕಷ್ಟು ಸಮಯವಿದೆಯಲ್ಲ ಎನ್ನಿಸಬಹುದು. ಆದರೆ ಅಪಾಯವನ್ನು ನಿರ್ಧರಿಸುವುದು ವೇಗವೊಂದೇ ಅಲ್ಲ. ಬರುವ ಪ್ಲಾಸ್ಮಾದ ಕಾಂತಕ್ಷೇತ್ರ ದಕ್ಷಿಣಕ್ಕೆ ಮುಖಮಾಡಿದ್ದರೆ ಅದು ಭೂಮಿಯ ಕ್ಷೇತ್ರದೊಡನೆ ಬೆಸೆದುಕೊಂಡು ಶಕ್ತಿಯನ್ನು ಒಳಕ್ಕೆ ಸುರಿಯುತ್ತದೆ. ಉತ್ತರಕ್ಕಿದ್ದರೆ ಬಹುಮಟ್ಟಿಗೆ ಪಕ್ಕಕ್ಕೆ ಸರಿದುಹೋಗುತ್ತದೆ. ಈ ದಿಕ್ಕನ್ನು ಕರೋನಾಗ್ರಾಫ್ ಹೇಳಲಾರದು. ಪ್ಲಾಸ್ಮಾ ಎಲ್-1 ತಲುಪಿ ಅಲ್ಲಿನ ಕಾಂತಮಾಪಕವನ್ನು ತಾಕಿದಾಗಲೇ ನೇರವಾಗಿ ತಿಳಿಯುವುದು. ಆಮೇಲೆ ಉಳಿಯುವ ಸಮಯ, ಮೊದಲ ವೇಗಕ್ಕೆ 50 ನಿಮಿಷ. ಎರಡನೆಯದಕ್ಕೆ ಹನ್ನೆರಡೂವರೆ ನಿಮಿಷ, ಅಷ್ಟೇ! ವಿದ್ಯುತ್ ಜಾಲ ನಡೆಸುವವರು ಅಷ್ಟರಲ್ಲಿ ಎಚ್ಚೆತ್ತುಕೊಳ್ಳಬೇಕು.

ಆದ್ದರಿಂದ ಉತ್ಸರ್ಜನೆ ಹುಟ್ಟುವ ಜಾಗವನ್ನೇ ಹತ್ತಿರದಿಂದ ನೋಡಬೇಕಾಗಿದೆ. ಇಲ್ಲಿ ನಮ್ಮವರ ಕೆಲಸ ಬರುತ್ತದೆ. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಹೊರಟ ಆದಿತ್ಯ-ಎಲ್1, 2024ರ ಜನವರಿ 6ರಂದು ತನ್ನ ಕಕ್ಷೆ ಸೇರಿತು. ಅದರ ಏಳು ಉಪಕರಣಗಳಲ್ಲಿ ಮುಖ್ಯವಾದ ಕರೋನಾಗ್ರಾಫ್ 'ವೆಲ್ಕ್' ಸಿದ್ಧವಾದದ್ದು ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಹೊಸಕೋಟೆ ಆವರಣದಲ್ಲಿ. ಸೂರ್ಯಬಿಂಬದ ಅಂಚಿಗೆ ತೀರ ಸಮೀಪದ ಕಿರೀಟವನ್ನು ಇದು ನೋಡಬಲ್ಲದು. 2024ರ ಜುಲೈ 16ರಂದು ಒಂದು ಉತ್ಸರ್ಜನೆಯ ಆರಂಭವನ್ನೇ ಇದು ದಾಖಲಿಸಿತು. ಅದೇ ನೌಕೆಯ ಆರು ಮೀಟರ್ ಉದ್ದದ ತೋಳಿನ ಮೇಲೆ ಕಾಂತಮಾಪಕಗಳೂ ಇವೆ.

2024ರ ಮೇ 10 ಮತ್ತು 11ರಂದು ಸಾಲಾಗಿ ಬಂದ ಉತ್ಸರ್ಜನೆಗಳು ಲಡಾಖಿನ ಹಾನ್ಲೆಯ ಆಕಾಶವನ್ನೂ ಕೆಂಪಾಗಿಸಿದವು. ಧ್ರುವಪ್ರದೇಶದ ಬೆಳಕು ನಮ್ಮ ದೇಶದ ಕ್ಯಾಮೆರಾಗಳಿಗೆ ಸಿಕ್ಕಿತು.

ಮಿತ್ರರೇ, ಸೋಹೋ ಕಳಿಸಿದ ಚಿತ್ರಗಳು ಎಲ್ಲರಿಗೂ ತೆರೆದಿವೆ. ಅವುಗಳಲ್ಲಿ 5,000ಕ್ಕೂ ಹೆಚ್ಚು ಧೂಮಕೇತುಗಳು ಪತ್ತೆಯಾಗಿವೆ. ಬಹುಪಾಲು ಕಂಡುಹಿಡಿದವರು ಮನೆಯಲ್ಲೇ ಕುಳಿತು ನೋಡಿದ ಹವ್ಯಾಸಿಗಳು. ಆದರೆ ಕಾಂತಕ್ಷೇತ್ರದ ದಿಕ್ಕನ್ನು ಒಂದು ದಿನ ಮೊದಲೇ ಖಚಿತವಾಗಿ ಹೇಳುವ ವಿಧಾನ ಇನ್ನೂ ಯಾರ ಕೈಗೂ ದಕ್ಕಿಲ್ಲ. ಆ ಪ್ರಶ್ನೆ ನಿಮ್ಮಲ್ಲಿ ಯಾರಿಗಾದರೂ ಕಾದಿರಬಹುದು.