ಮಕ್ಕಳ ಗಂಟಲು ನೋವು: ಯಾವಾಗ ಎಚ್ಚರ ವಹಿಸಬೇಕು?

(ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯರ ಸಭೆಯಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಪಾಠ)



ದನದ ಡಾಕ್ಟರು ಮಕ್ಕಳ ಗಂಟಲಿನ ವಿಷಯ ಏಕೆ ತೆಗೆದರು ಎಂದು ನಿಮಗೆ ಅನ್ನಿಸಬಹುದು. ಕಾರಣವಿದೆ. ಕೆಚ್ಚಲು ಬಾವು ತರುವ ರೋಗಾಣುಗಳಲ್ಲಿ ಸ್ಟ್ರೆಪ್ಟೊಕಾಕಸ್ ಎಂಬ ಒಂದು ದೊಡ್ಡ ಕುಟುಂಬವಿದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಣಿ ಪೋಣಿಸಿದ ಸರದಂತೆ ಕಾಣುತ್ತದೆ. ಹಸುವಿನ ಕೆಚ್ಚಲಿಗೆ ಬರುವ ಒಂದು ಬಗೆಗೆ ಅಗಲಾಕ್ಟಿಯೆ ಎಂದು ಹೆಸರು. ಹಾಲು ಇಲ್ಲದಂತೆ ಮಾಡುವುದು ಎಂದೇ ಅದರ ಅರ್ಥ. ಇದೇ ಕುಟುಂಬದ ಇನ್ನೊಂದು ಬಗೆ, ಪಯೋಜಿನಿಸ್ ಎಂಬುದು, ಮಕ್ಕಳ ಗಂಟಲಿಗೆ ಬರುತ್ತದೆ. ಈ ಬಗೆಗಳನ್ನು 1933ರಲ್ಲಿ ಎ, ಬಿ, ಸಿ ಎಂದು ಗುಂಪು ಮಾಡಿ ತೋರಿಸಿದವರು ಅಮೆರಿಕದ ರೆಬೆಕಾ ಲ್ಯಾನ್ಸ್‌ಫೀಲ್ಡ್ ಎಂಬ ಮಹಿಳಾ ವಿಜ್ಞಾನಿ. ಗಂಟಲಿನದು ಎ ಗುಂಪು, ಅಗಲಾಕ್ಟಿಯೆ ಬಿ ಗುಂಪು. ಆದ್ದರಿಂದ ಹಸುವಿಗೆ ಕೆಚ್ಚಲು ಬಾವು ಬಂತು, ಅದಕ್ಕೇ ಮಗುವಿಗೆ ಗಂಟಲು ನೋವು ಬಂತು ಎಂದು ತಿಳಿಯಬೇಡಿ. ಗಂಟಲಿನ ಈ ರೋಗ ಸಾಮಾನ್ಯವಾಗಿ ಮನುಷ್ಯರಿಂದ ಮನುಷ್ಯರಿಗೆ ಕೆಮ್ಮು, ಸೀನು, ಎಂಜಲಿನ ಮೂಲಕ ಹರಡುತ್ತದೆ.

ನಾನು ಮನುಷ್ಯರ ವೈದ್ಯನಲ್ಲ. ಯಾವ ಮಗುವಿಗೆ ಯಾವ ಔಷಧಿ ಎಂದು ಹೇಳುವುದು ನನ್ನ ಕೆಲಸವೂ ಅಲ್ಲ. ಯಾವಾಗ ಮಗುವನ್ನು ವೈದ್ಯರ ಬಳಿ ಕರೆದೊಯ್ಯಬೇಕು ಎಂಬುದನ್ನು ಮಾತ್ರ ಹೇಳುತ್ತೇನೆ.

ಮೊದಲು ಸಮಾಧಾನದ ಮಾತು. ಗಂಟಲು ನೋವೆನ್ನುವ ಹತ್ತು ಮಕ್ಕಳಲ್ಲಿ ಸುಮಾರು ಏಳು ಮಕ್ಕಳಿಗೆ ಬಂದಿರುವುದು ವೈರಸ್‌ನ ನೆಗಡಿ. ಮೂಗು ಸುರಿಯುವುದು, ಕೆಮ್ಮು, ಧ್ವನಿ ಒಡೆಯುವುದು, ಕಣ್ಣು ಕೆಂಪಾಗುವುದು ಇದರ ಲಕ್ಷಣ. ಇದಕ್ಕೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಬೆಚ್ಚಗಿನ ಗಂಜಿ, ಬಿಸಿ ನೀರು, ವಿಶ್ರಾಂತಿ ಸಾಕು. ಸಾಮಾನ್ಯವಾಗಿ ಒಂದು ವಾರದಲ್ಲಿ ತಾನಾಗಿ ಗುಣವಾಗುತ್ತದೆ.

ಉಳಿದ ಮೂರು ಮಕ್ಕಳದು ಬೇರೆ. ಇದು ಹೆಚ್ಚಾಗಿ ಐದರಿಂದ ಹದಿನೈದು ವರ್ಷದ ಮಕ್ಕಳಿಗೆ ಬರುತ್ತದೆ. ಇದರ ಗುರುತುಗಳು ಹೀಗಿವೆ:

1. ನೋವು ಇದ್ದಕ್ಕಿದ್ದಂತೆ ಶುರುವಾಗುತ್ತದೆ. ಬೆಳಿಗ್ಗೆ ಶಾಲೆಗೆ ಹೋದ ಮಗು ಸಂಜೆ ಎಂಜಲು ನುಂಗಲೂ ಅಳುತ್ತದೆ.

2. ಜ್ವರ 101 ಡಿಗ್ರಿ ಅಥವಾ ಅದಕ್ಕೂ ಹೆಚ್ಚು ಇರಬಹುದು.

3. ನೆಗಡಿ, ಕೆಮ್ಮು ಸಾಮಾನ್ಯವಾಗಿ ಇರುವುದಿಲ್ಲ. ಇದನ್ನು ಚೆನ್ನಾಗಿ ನೆನಪಿಡಿ.

4. ದವಡೆಯ ಕೆಳಗೆ, ಕತ್ತಿನ ಮುಂಭಾಗದಲ್ಲಿ ಗಂಟುಗಳು ಊದಿಕೊಂಡು, ಮುಟ್ಟಿದರೆ ನೋಯುತ್ತವೆ.

5. ಬಾಯಿ ತೆರೆಸಿ ಬೆಳಕಿನಲ್ಲಿ ನೋಡಿದರೆ ಗಂಟಲಿನ ಎರಡೂ ಪಕ್ಕದ ಟಾನ್ಸಿಲ್ ಕೆಂಪಾಗಿ ಊದಿರುತ್ತವೆ. ಅವುಗಳ ಮೇಲೆ ಬಿಳಿ ಅಥವಾ ಹಳದಿ ಕೀವಿನ ಚುಕ್ಕೆಗಳಿರಬಹುದು. ಅಂಗಳದ ಮೇಲೆ ಸಣ್ಣ ಕೆಂಪು ಚುಕ್ಕೆಗಳೂ ಕಾಣಬಹುದು.

6. ಕೆಲವು ಮಕ್ಕಳಿಗೆ ತಲೆನೋವು, ಹೊಟ್ಟೆನೋವು, ವಾಂತಿ ಇರುತ್ತದೆ. ಕೆಲವರಿಗೆ ಮರಳು ಕಾಗದದಂತೆ ಒರಟಾದ ಕೆಂಪು ಗುಳ್ಳೆಗಳು ಮೈಮೇಲೆ ಏಳುತ್ತವೆ.

ಎಲ್ಲ ಗುರುತುಗಳೂ ಒಂದೇ ಮಗುವಿನಲ್ಲಿ ಇರಬೇಕೆಂದಿಲ್ಲ. ಬರೀ ಕಣ್ಣಿನಿಂದ ನೋಡಿ ಖಚಿತವಾಗಿ ಹೇಳುವುದು ವೈದ್ಯರಿಗೂ ಕಷ್ಟ. ಹಾಲು ನೋಡುವುದಕ್ಕೆ ಚೆನ್ನಾಗಿದ್ದರೂ ಒಳಗೆ ಬಾವು ಇದೆಯೇ ಎಂದು ತಿಳಿಯಲು ನಾವು ಪರೀಕ್ಷೆ ಮಾಡುವುದಿಲ್ಲವೇ? ಹಾಗೆಯೇ ಗಂಟಲನ್ನು ಹತ್ತಿಯ ಕಡ್ಡಿಯಿಂದ ಒರೆಸಿ ಪರೀಕ್ಷಿಸಿದರೆ ಖಚಿತವಾಗುತ್ತದೆ. ಜ್ವರವಿದ್ದು, ನೆಗಡಿ ಕೆಮ್ಮು ಇಲ್ಲದೆ, ಗಂಟಲು ನೋವಿದ್ದರೆ ಮಗುವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಇಷ್ಟು ನಿರ್ಧಾರ ಮಾಡಿದರೆ ನಿಮ್ಮ ಕೆಲಸ ಮುಗಿಯಿತು.

ಇಲ್ಲಿ ಒಂದು ಎಚ್ಚರಿಕೆ. ಮಗು ಜೊಲ್ಲು ನುಂಗಲಾಗದೆ ಸುರಿಸುತ್ತಿದ್ದರೆ, ಉಸಿರಾಟ ಕಷ್ಟವಾಗಿದ್ದರೆ, ಬಾಯಿ ತೆರೆಯಲಾಗದಿದ್ದರೆ ಬಾಯೊಳಗೆ ಚಮಚ ಹಾಕಿ ನೋಡಲು ಹೋಗಬೇಡಿ. ಗಂಟಲಲ್ಲಿ ಬೂದು ಬಣ್ಣದ ಪೊರೆ ಕಂಡರೆ ಅಥವಾ ಕತ್ತು ದಪ್ಪನಾಗಿ ಊದಿದರೆ ಅದು ಗಂಟಲಮಾರಿ ಇರಬಹುದು. ಇಂಥ ಮಗುವನ್ನು ಬೆಳಗಾಗಲಿ ಎಂದು ಕಾಯದೆ ಆ ಹೊತ್ತಿಗೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಗಂಟಲಮಾರಿಗೆ ಲಸಿಕೆ ಇದೆ. ಚಿಕ್ಕಂದಿನಲ್ಲಿ ಹಾಕಿಸಿದ್ದು ಸಾಲದು. ಐದು ವರ್ಷ, ಹತ್ತು ವರ್ಷ, ಹದಿನಾರು ವರ್ಷದ ಲಸಿಕೆಗಳನ್ನೂ ತಪ್ಪಿಸಬಾರದು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಗಂಟಲು ನೋವು ಔಷಧಿ ಕೊಡದಿದ್ದರೂ ಸಾಮಾನ್ಯವಾಗಿ ಒಂದು ವಾರದಲ್ಲಿ ಇಳಿಯುತ್ತದೆ. ಮೋಸ ಇರುವುದೇ ಅಲ್ಲಿ. ಗಂಟಲಿನ ರೋಗಾಣುವಿನ ವಿರುದ್ಧ ದೇಹ ತಯಾರಿಸಿಕೊಂಡ ರಕ್ಷಣಾ ಶಕ್ತಿ ಕೆಲವು ಮಕ್ಕಳಲ್ಲಿ ದಾರಿ ತಪ್ಪಿ, ತಮ್ಮದೇ ಕೀಲುಗಳ ಮೇಲೆ, ಹೃದಯದ ಕವಾಟಗಳ ಮೇಲೆ ತಿರುಗಿಬೀಳುತ್ತದೆ. ಇದನ್ನು ರುಮ್ಯಾಟಿಕ್ ಜ್ವರ ಎನ್ನುತ್ತಾರೆ. ಗಂಟಲು ನೋವು ಮರೆತುಹೋದ ಎರಡು ಮೂರು ವಾರಗಳ ಮೇಲೆ ಇದು ಬರುತ್ತದೆ. ಇವತ್ತು ಮೊಣಕಾಲು, ನಾಳೆ ಪಾದದ ಗಂಟು, ಆಮೇಲೆ ಮೊಣಕೈ ಎಂದು ನೋವು ಜಾಗ ಬದಲಿಸುತ್ತದೆ. ಆಟದಲ್ಲಿ ಬಿದ್ದಿರಬೇಕು ಎಂದು ಹಿರಿಯರು ಎಣ್ಣೆ ತಿಕ್ಕಿ ಸುಮ್ಮನಾಗುತ್ತಾರೆ. ಕೀಲು ನೋವು ಹೋಗುತ್ತದೆ, ಕವಾಟಕ್ಕೆ ಆದ ಗಾಯ ಮಾತ್ರ ಉಳಿದುಬಿಡಬಹುದು.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಕಷ್ಟ. ಹತ್ತು ವರ್ಷದ ಹುಡುಗಿಯ ಕವಾಟಕ್ಕಾದ ಗಾಯ ಮನೆಯಲ್ಲಿ ಯಾರಿಗೂ ಗೊತ್ತಾಗದೆ ಉಳಿಯಬಹುದು. ಮದುವೆಯಾಗಿ ಬಸುರಿಯಾದಾಗ ಹೃದಯದ ಮೇಲೆ ಹೊರೆ ಹೆಚ್ಚಿ, ಮೆಟ್ಟಿಲು ಹತ್ತಿದರೆ ಏದುಸಿರು, ಮಲಗಿದರೆ ಉಸಿರು ಕಟ್ಟುವುದು ಶುರುವಾಗುತ್ತದೆ. ಎಷ್ಟೋ ಹೆಣ್ಣುಮಕ್ಕಳಲ್ಲಿ ಕವಾಟದ ತೊಂದರೆ ಮೊದಲು ಪತ್ತೆಯಾಗುವುದೇ ಆಗ. ಕಿರಿದಾದ ಕವಾಟವನ್ನು ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂಥ ಆಸ್ಪತ್ರೆಗಳಲ್ಲಿದೆ. ಆದರೆ ಆ ಹಂತಕ್ಕೆ ಹೋಗದಂತೆ ನೋಡಿಕೊಳ್ಳುವುದು ಹಳ್ಳಿಯಲ್ಲೇ ಸಾಧ್ಯ. ರುಮ್ಯಾಟಿಕ್ ಜ್ವರ ಒಮ್ಮೆ ಬಂದ ಮಗುವಿಗೆ ವೈದ್ಯರು ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಬರೆದುಕೊಡುತ್ತಾರೆ. ಅದನ್ನು ವರ್ಷಗಟ್ಟಲೆ ತಪ್ಪಿಸದೆ ಹಾಕಿಸಬೇಕು. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬಂದು ತಪಾಸಣೆ ಮಾಡುವಾಗ ಈ ಹೃದಯ ರೋಗವನ್ನೂ ನೋಡುತ್ತವೆ. ಆ ದಿನ ಮಕ್ಕಳನ್ನು ಹೊಲಕ್ಕೆ ಕಳುಹಿಸದೆ ಶಾಲೆಗೇ ಕಳುಹಿಸಿ.

ಗಂಟಲು ನೋವು ಶುರುವಾಗಿ ಒಂಬತ್ತು ದಿನದೊಳಗೆ ಸರಿಯಾದ ಔಷಧಿ ಆರಂಭಿಸಿದರೆ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ನಾಲ್ಕು ದಿನ ಆಗಿಹೋಯಿತು, ಇನ್ನೇನು ಪ್ರಯೋಜನ ಎಂದು ಬಿಡಬೇಡಿ. ಬಾಯಿಂದ ಕೊಡುವ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಆದರೆ ಸಾಮಾನ್ಯವಾಗಿ ಹತ್ತು ದಿನ ಬರೆಯುತ್ತಾರೆ. ಎರಡು ಮೂರು ದಿನದಲ್ಲಿ ಮಗು ಚೇತರಿಸಿಕೊಂಡು ಓಡಾಡುತ್ತದೆ. ಆಗಲೇ ಔಷಧಿ ನಿಲ್ಲಿಸುವವರು ಹೆಚ್ಚು. ಹಾಲು ತಿಳಿಯಾಯಿತೆಂದು ಎರಡನೇ ದಿನಕ್ಕೇ ಚಿಕಿತ್ಸೆ ಬಿಟ್ಟರೆ ಅದೇ ಮೊಲೆಗೆ ಮತ್ತೆ ಬಾವು ಬರುವುದನ್ನು ನೀವೇ ನೋಡಿದ್ದೀರಿ. ಇಲ್ಲಿಯೂ ಅದೇ ಲೆಕ್ಕ, ನಷ್ಟ ಮಾತ್ರ ಬಹಳ ದೊಡ್ಡದು. ಹಿಂದೆ ಯಾವುದಾದರೂ ಔಷಧಿಯಿಂದ ಮಗುವಿಗೆ ದದ್ದು, ಊತ, ಉಬ್ಬಸ ಬಂದಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ.

ಮಾಡಬಾರದ ಕೆಲವು ಸಂಗತಿಗಳನ್ನೂ ಹೇಳಬೇಕು. ಕಿರುನಾಲಿಗೆ ಬಿದ್ದಿದೆ ಎಂದು ಬೆರಳು ಹಾಕಿ ಎತ್ತಿಸಬೇಡಿ. ಉಪ್ಪು ನೀರು ಮುಕ್ಕಳಿಸುವುದರಿಂದ, ಅರಿಶಿನದ ಹಾಲಿನಿಂದ ಹಿತವೆನಿಸಿದರೆ ಕೊಡಿ, ಆದರೆ ಅದರಿಂದ ರೋಗಾಣು ಸಾಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ದನಕ್ಕೆ ತಂದು ಉಳಿದ ಪೆನಿಸಿಲಿನ್ ಬಾಟಲಿಯನ್ನು, ಕೆಚ್ಚಲಿಗೆ ಹಾಕುವ ಟ್ಯೂಬನ್ನು ಮಕ್ಕಳಿಗೆ ಬಳಸಲೇಬಾರದು. ಹೆಸರು ಒಂದೇ ಇದ್ದರೂ ಪ್ರಮಾಣ ಬೇರೆ, ತಯಾರಿಕೆ ಬೇರೆ.

ಕೊನೆಯದಾಗಿ ಹಾಲಿನ ಮಾತು. ಹಿಂದೆ 1911ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ, ಅದರ ಬೆನ್ನಿಗೇ ಶಿಕಾಗೋದಲ್ಲಿ ಗಂಟಲು ಬೇನೆ ದೊಡ್ಡದಾಗಿ ಹರಡಿತು. ವಿಚಾರಿಸಿದಾಗ ಅದರ ಜಾಡು ಹಾಲಿನ ಸರಬರಾಜಿಗೆ ಹೋಗಿ ಮುಟ್ಟಿತು. ಹಾಲು ಕರೆಯುವವರ ಗಂಟಲಿನ ರೋಗಾಣು ಹಾಲಿಗೂ ಕೆಚ್ಚಲಿಗೂ ಸೇರಬಲ್ಲದು. ಹಾಲು ಕಾಯಿಸಿದರೆ ಅದು ಸಾಯುತ್ತದೆ. ಆದ್ದರಿಂದ ಕರೆದ ಕೂಡಲೇ ಬಿಸಿ ನೊರೆ ಹಾಲನ್ನು ಮಕ್ಕಳಿಗೆ ಕುಡಿಸುವ ರೂಢಿ ಬಿಡಿ. ಗಂಟಲು ನೋವು, ಜ್ವರ ಇದ್ದವರು ಗುಣವಾಗುವವರೆಗೆ ಹಾಲು ಕರೆಯುವ ಕೆಲಸವನ್ನು ಮನೆಯ ಬೇರೆಯವರಿಗೆ ಬಿಡಲಿ. ಔಷಧಿ ಶುರುಮಾಡಿ ಒಂದು ದಿನ ಕಳೆಯುವವರೆಗೆ ಮಗುವನ್ನು ಶಾಲೆಗೆ ಕಳುಹಿಸಬೇಡಿ. ಅದರ ಲೋಟ, ತಟ್ಟೆ ಬೇರೆ ಇಡಿ.

ಕರು ಮೇವು ಬಿಟ್ಟರೆ ಅದೇ ದಿನ ನಮಗೆ ಫೋನ್ ಮಾಡುತ್ತೀರಿ. ಮಗು ಗಂಟಲು ನೋವೆಂದು ಊಟ ಬಿಟ್ಟಾಗಲೂ ಅಷ್ಟೇ ಬೇಗ ಆರೋಗ್ಯ ಕೇಂದ್ರಕ್ಕೆ ಹೋಗಿ. ದಾರಿ ತಿಳಿಯದಿದ್ದರೆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.