ಕಾರ್ಖಾನೆಗಳು ನೆಲೆಸುವ ತಾಣ

ಒಂದು ಗಾಡಿ ಕಬ್ಬನ್ನು ಅರೆದರೆ ಕೈಗೆ ಬರುವ ಸಕ್ಕರೆ ಅದರ ತೂಕದಲ್ಲಿ ಸುಮಾರು ಹತ್ತರಲ್ಲೊಂದು ಪಾಲು. ಉಳಿದುದೆಲ್ಲವೂ ಬಹುಮಟ್ಟಿಗೆ ನೀರು ಮತ್ತು ಸಿಪ್ಪೆ. ಆ ನೀರನ್ನೂ ಸಿಪ್ಪೆಯನ್ನೂ ಬಾಡಿಗೆ ತೆತ್ತು ದೂರದೂರಿಗೆ ಸಾಗಿಸುವ ವರ್ತಕನನ್ನು ಜಾಣನೆಂದು ಯಾರು ತಾನೆ ಹೇಳಿಯಾರು? ಕಡಿದ ಕಬ್ಬು ಕಾದಷ್ಟೂ ಅದರ ಸಿಹಿಯೂ ಕುಂದುವುದು. ಆದಕಾರಣವೇ, ಆಗ ಇರ್ವಿನ್ ನಾಲೆಯೆನಿಸಿದ್ದ ಕಾಲುವೆಯ ನೀರು ಮಂಡ್ಯದ ಹೊಲಗಳಿಗೆ ಹರಿದ ಮೇಲೆ, 1933ರಲ್ಲಿ ಸ್ಥಾಪಿತವಾದ ಸಕ್ಕರೆ ಕಂಪೆನಿಯ ಕಾರ್ಖಾನೆಯು ಕೊಳ್ಳುವವರು ಹೆಚ್ಚಾಗಿದ್ದ ಬೆಂಗಳೂರನ್ನು ಬಿಟ್ಟು ಮಂಡ್ಯದಲ್ಲಿ ನಿಂತಿತು.

ಇದನ್ನು ಶಾಸ್ತ್ರದ ರೂಪಕ್ಕೆ ತಂದವನು ಜರ್ಮನಿಯ ಆಲ್ಫ್ರೆಡ್ ವೇಬರ್. 1909ರಲ್ಲಿ ಪ್ರಕಟವಾದ ಆತನ ಗ್ರಂಥದ ತಿರುಳು ಇಷ್ಟು: ತಯಾರಿಕೆಯಲ್ಲಿ ತೂಕ ಕಳೆದುಕೊಳ್ಳುವ ಕಚ್ಚಾ ಪದಾರ್ಥವು ಕಾರ್ಖಾನೆಯನ್ನು ತನ್ನ ಬಳಿಗೆ ಎಳೆಯುತ್ತದೆ, ಎಲ್ಲೆಡೆಯೂ ದೊರೆಯುವ ಪದಾರ್ಥವನ್ನು ಕೂಡಿಕೊಂಡು ಭಾರವಾಗುವ ಸರಕು ಅದನ್ನು ಪೇಟೆಯ ಕಡೆಗೆ ಎಳೆಯುತ್ತದೆ. ಸೋಡಾ ಶೀಷೆಯನ್ನು ಊರೂರಲ್ಲಿಯೂ ತುಂಬುವುದು ಈ ಎರಡನೆಯ ಕಾರಣದಿಂದಲೇ. ಕಡಮೆ ಕೂಲಿಯೂ ಕೈಗಾರಿಕೆಗಳು ಒಂದೆಡೆ ಗುಂಪುಗೂಡುವುದರಿಂದ ಒದಗುವ ಸೌಕರ್ಯವೂ ಈ ಲೆಕ್ಕವನ್ನು ಕೊಂಚ ಓರೆಮಾಡಬಲ್ಲುವು.

ಭದ್ರಾವತಿಯನ್ನು ಈ ಒರೆಗಲ್ಲಿಗೆ ಹಚ್ಚಿ ನೋಡೋಣ. ಆಗಿನ ಮೈಸೂರು ಸಂಸ್ಥಾನದಲ್ಲಿ ಕಬ್ಬಿಣದ ಅದುರು ಯಥೇಚ್ಛವಾಗಿತ್ತು. ಕಲ್ಲಿದ್ದಲು ಮಾತ್ರ ಇರಲಿಲ್ಲ. ಆದರೆ ಮಲೆನಾಡಿನ ಕಾಡಿತ್ತು. ಒಂದು ಟನ್ನು ಇದ್ದಿಲಿಗೆ ಹಲವು ಟನ್ನು ಸೌದೆ ಬೇಕು. ಇದ್ದಿಲೋ ಬಹು ಬೇಗ ಪುಡಿಯಾಗುವ ವಸ್ತು, ದೂರದ ಪ್ರಯಾಣವನ್ನು ತಾಳದು. ಆದ್ದರಿಂದ ಕಾಡಿನಂಚಿನಲ್ಲಿ, ಭದ್ರಾ ನದಿಯ ದಡದಲ್ಲಿ, ಕೆಮ್ಮಣ್ಣುಗುಂಡಿಯ ಅದುರು ಬೆಟ್ಟವಿಳಿದು ಬರುವ ಕಡೆಯಲ್ಲಿ, ಬೆಂಕಿಪುರವೆಂಬ ಹಳೆಯ ಹೆಸರಿದ್ದ ಊರು ಆಯ್ಕೆಯಾಯಿತು. 1923ರಲ್ಲಿ ಅಲ್ಲಿನ ಊದುಕುಲುಮೆಯಿಂದ ಬೀಡುಕಬ್ಬಿಣ ಹರಿಯಿತು. ಸೌದೆಯನ್ನು ಸುಮ್ಮನೆ ಸುಡದೆ, ಅದರ ಹೊಗೆಯಿಂದ ಡಾಂಬರನ್ನೂ ಮರದ ಮದ್ಯಸಾರವನ್ನೂ ಬಟ್ಟಿಯಿಳಿಸಿಕೊಂಡರು. ಯುದ್ಧಕಾಲದ ಬೆಲೆಯನ್ನು ನಂಬಿ ಹೂಡಿದ ಯೋಜನೆ ಕೈಗೂಡುವ ಹೊತ್ತಿಗೆ ಬೆಲೆ ಕುಸಿದಿತ್ತು. ಟೀಕೆಗಳು ಬಹಳ ಬಂದುವು. ತಾಣ ಸರಿಯಾಗಿದ್ದ ಮಾತ್ರಕ್ಕೆ ಲಾಭ ಬಂದೇ ತೀರಬೇಕೆಂಬ ನಿಯಮವೇನೂ ಇಲ್ಲ. ಪೇಟೆಯ ಧಾರಣೆ ಭೂಪಟದಲ್ಲಿ ಕಾಣುವುದಿಲ್ಲವಷ್ಟೆ.

ವಿದ್ಯುಚ್ಛಕ್ತಿಯ ಮಾತು ಬೇರೆ. ಅದಕ್ಕೆ ತೂಕವೇ ಇಲ್ಲ. 1902ರಲ್ಲಿ ಶಿವನಸಮುದ್ರದ ಶಕ್ತಿಯು ತೊಂಬತ್ತು ಮೈಲಿಗೂ ಮಿಕ್ಕು ದೂರ ತಂತಿಯ ಮೇಲೆ ನಡೆದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದಾಗ, ಶಕ್ತಿಯಿದ್ದಲ್ಲಿಗೇ ಯಂತ್ರ ಹೋಗಬೇಕೆಂಬ ಹಳೆಯ ಕಟ್ಟು ಸಡಿಲಿತು. ಬೆಂಗಳೂರಿನ ಭಾಗ್ಯವೂ ಈ ಬಗೆಯದೇ. ಅಲ್ಲಿ ಅದುರಿಲ್ಲ, ಹೊಳೆಯಿಲ್ಲ. 1940ರಲ್ಲಿ ವಿಮಾನ ಕಾರ್ಖಾನೆಯೊಂದು ಬಂದಿತು. ಕೆಲಸ ಬಲ್ಲವರಿದ್ದ ಕಡೆಗೆ ಇನ್ನಷ್ಟು ಕಾರ್ಖಾನೆಗಳು, ಕಾರ್ಖಾನೆಗಳಿದ್ದ ಕಡೆಗೆ ಇನ್ನಷ್ಟು ಕೆಲಸಗಾರರು, ಹೀಗೆ ಒಂದನ್ನೊಂದು ಕರೆದು ಬೆಳೆದುವು. ಈ ಕರೆಗೆ ಓಗೊಟ್ಟು ತನ್ನ ಮಕ್ಕಳನ್ನು ಕಳುಹಿಸಿಕೊಟ್ಟ ಊರಿಗೆ ಏನು ಉಳಿಯಿತೆಂಬ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞರು ಬಹಳ ತಡವಾಗಿ ಎತ್ತಿಕೊಂಡರು. ಸ್ವೀಡನ್ನಿನ ಗುನ್ನಾರ್ ಮಿರ್ಡಾಲ್ 1957ರಲ್ಲಿ ಅದನ್ನು ವಿಶದವಾಗಿ ಚರ್ಚಿಸಿದನು.

ಕಾರಣ ತೀರಿದ ಮೇಲೆ ಕಾರ್ಖಾನೆಯ ಗತಿಯೇನು? ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದುವು. ಗಣಿಯನ್ನು ಬೇರೆಡೆಗೆ ಕೀಳಲಾಗದು. ಭದ್ರಾವತಿಯ ಕಥೆ ಇದಕ್ಕಿಂತ ನಿಧಾನವಾದುದು. 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದು ಕಾಡಿನ ಹಂಗು ಇಳಿಯಿತು. ಮುಂದೆ ಕೆಮ್ಮಣ್ಣುಗುಂಡಿಯ ಗಣಿಯೂ ನಿಂತಿತು. ಊರನ್ನು ಆರಿಸಿದ ಎರಡು ಕಾರಣಗಳೂ ಹೀಗೆ ಕರಗಿದುವು. ಉಳಿದುದು ಬೀದಿಗಳು, ವಸತಿಗಳು, ತಲೆಮಾರಿನಿಂದ ತಲೆಮಾರಿಗೆ ಉಕ್ಕಿನ ಕೆಲಸ ಕಲಿತ ಕೈಗಳು. 2023ರ ಜನವರಿಯಲ್ಲಿ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಪ್ರಕಟವಾಯಿತು. ಗುತ್ತಿಗೆ ಕೆಲಸಗಾರರು ಧರಣಿ ಹೂಡಿದರು. ಅದೇ ವರ್ಷ ಆಗಸ್ಟಿನಲ್ಲಿ ಅಲ್ಲಿನ ಉರುಳೆಯಂತ್ರಗಳು ಮತ್ತೆ ತಿರುಗಿದುವು. ಈ ಸಾರಿ ಉಕ್ಕಿನ ದಿಮ್ಮಿಗಳು ಹೊರಗಿನಿಂದ ಬಂದುವು. ವೇಬರನ ತಕ್ಕಡಿಯಲ್ಲಿ ಇದಕ್ಕೆ ಸಮಾಧಾನ ದೊರೆಯದು. ಆ ದಿಮ್ಮಿಗಳನ್ನು ಅಷ್ಟು ದೂರದಿಂದ ಎಳೆದು ತಂದುದು ಬೆಟ್ಟದ ಅದುರಲ್ಲ, ಆ ಊರಿನ ಜನ.