ಅತಿಥಿಯಾದ ಗುರು

ಪರದೇಶಕ್ಕೆ ಹೋಗಿ ವಿದ್ಯೆ ಕಲಿತು ಬಂದವರ ಮಾತನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ಪರದೇಶದಲ್ಲಿ ಇನ್ನೊಬ್ಬರ ಮನೆಯಲ್ಲಿ ಉಂಡು, ಆ ಜನಕ್ಕೇ ಪಾಠ ಹೇಳಿದವರ ಮಾತು ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ಇದು ಮೊದಲನೆಯದಕ್ಕಿಂತ ಕಷ್ಟವಾದ ಕೆಲಸವೆಂದು ನಮಗೆ ತೋರುತ್ತದೆ. ಅನ್ನವಿಟ್ಟವರ ಮುಂದೆ ಅತಿಥಿಯ ನಾಲಗೆ ಹಿಡಿತದಲ್ಲಿರತಕ್ಕದ್ದು. ಗುರುವಾದವನಾದರೋ ಅಪ್ರಿಯವಾದ ಸತ್ಯವನ್ನೂ ನುಡಿಯಬೇಕಾಗುತ್ತದೆ. ಒಬ್ಬರೇ ಈ ಎರಡೂ ಆಗುವುದು ಹೇಗೆ? ಸ್ವಾಮಿ ವಿವೇಕಾನಂದರು ಅಮೆರಿಕದಲ್ಲಿ ಕಳೆದ ಮೊದಲ ಎರಡು ವರ್ಷಗಳಲ್ಲಿ ಇದಕ್ಕೆ ಉತ್ತರವುಂಟು. ಚಿಕಾಗೋ ನಗರದ ಭಾಷಣವನ್ನು ಎಲ್ಲರೂ ಬಲ್ಲರು. ಈ ಹೊತ್ತು ನಾವು ಅವರು ತಂಗಿದ್ದ ಮನೆಗಳನ್ನು ನೋಡೋಣ.

1893ನೆಯ ಮೇ 31ರಂದು ಮುಂಬಯಿಯನ್ನು ಬಿಟ್ಟ ಸ್ವಾಮಿಗಳು ಜುಲೈ ಕೊನೆಯ ವೇಳೆಗೆ ಚಿಕಾಗೋ ಸೇರಿದರು. ಸರ್ವಧರ್ಮ ಸಮ್ಮೇಳನ ನೆರೆಯುವುದು ಸೆಪ್ಟೆಂಬರಿನಲ್ಲಿ ಎಂದು ಅಲ್ಲಿ ತಿಳಿಯಿತು. ಕೈಯ ಹಣ ಕರಗುತ್ತಿತ್ತು. ಖರ್ಚು ಕಡಿಮೆಯಾದೀತೆಂದು ಬಾಸ್ಟನ್ನಿನ ಕಡೆಗೆ ಹೊರಟಾಗ, ರೈಲಿನಲ್ಲಿ ಪರಿಚಯವಾದ ಲೇಖಕಿ ಕೇಟ್ ಸ್ಯಾನ್‌ಬರ್ನ್ ಎಂಬಾಕೆ ಅವರನ್ನು ತಮ್ಮ ಹಳ್ಳಿಯ ಮನೆಗೆ ಬರಮಾಡಿಕೊಂಡರು. ಆ ಆತಿಥ್ಯದ ಲೆಕ್ಕವನ್ನು ಸ್ವಾಮಿಗಳು ಆಗಸ್ಟ್ 20ರ ಕಾಗದದಲ್ಲಿ ನಗುತ್ತಲೇ ಬರೆದಿದ್ದಾರೆ: ತಮಗೆ ದಿನಕ್ಕೊಂದು ಪೌಂಡಿನ ವೆಚ್ಚ ಉಳಿಯಿತು, ಆಕೆಗೆ, ಇಂಡಿಯಾದಿಂದ ಬಂದ ವಿಚಿತ್ರ ವಸ್ತುವೊಂದನ್ನು ಗೆಳೆಯರಿಗೆ ತೋರಿಸುವ ಲಾಭವಾಯಿತು. ಹೀಗಿದ್ದರೂ, ಆ ದಿನಗಳ ಬಳಕೆಯಿಂದಲೇ ಹಾರ್ವರ್ಡಿನ ಪ್ರೊಫೆಸರ್ ರೈಟ್ ಅವರ ಸ್ನೇಹವೂ ಸಮ್ಮೇಳನಕ್ಕೆ ಬೇಕಾದ ಪರಿಚಯ ಪತ್ರವೂ ದೊರೆತುವು.

ಚಿಕಾಗೋ ನಗರಕ್ಕೆ ಮರಳಿದಾಗ ಅವರು ಹೋಗಬೇಕಾದ ವಿಳಾಸವೇ ಕಳೆದುಹೋಗಿತ್ತು. ರಾತ್ರಿಯನ್ನು ರೈಲು ನಿಲ್ದಾಣದ ಬಳಿ ಕಳೆದು, ಬೆಳಿಗ್ಗೆ ಬಾಗಿಲಿಂದ ಬಾಗಿಲಿಗೆ ಹೋದರು; ಎಲ್ಲಿಯೂ ಒಳಕ್ಕೆ ಕರೆಯುವವರಿಲ್ಲ. ದಣಿದು ಬೀದಿಯ ಬದಿಯಲ್ಲಿ ಕುಳಿತಿದ್ದವರನ್ನು ಎದುರು ಮನೆಯ ಶ್ರೀಮತಿ ಹೇಲ್ ಎಂಬ ಗೃಹಿಣಿ ಬಂದು ವಿಚಾರಿಸಿ ಕರೆದೊಯ್ದರು. ಅಂದಿನಿಂದ ಆಕೆ ಅವರಿಗೆ ತಾಯಿ. ಮನೆಯ ಹೆಣ್ಣುಮಕ್ಕಳು ತಂಗಿಯರು. ಊರೂರು ಸುತ್ತಿ ಉಪನ್ಯಾಸ ಮಾಡುವ ಆ ಸಂನ್ಯಾಸಿಗೆ ಬಂದು ಇಳಿಯಲು ಒಂದು ಮನೆ ಎಂಬುದಾಯಿತು.

ಪರೀಕ್ಷೆ ಬಂದದ್ದು ಈ ಪ್ರೀತಿಯ ಮನೆಯಿಂದಲೇ. ಕ್ರೈಸ್ತ ಗೃಹಸ್ಥರೊಬ್ಬರೊಡನೆ ಸ್ವಾಮಿಗಳು ಬಿಸಿಯಾಗಿ ವಾದಿಸಿದ್ದನ್ನು ಕುರಿತು ಆ ಮನೆಯ ಮೇರಿ ಆಕ್ಷೇಪಿಸಿದರು. 1895ನೆಯ ಫೆಬ್ರವರಿ 1ರಂದು ಬರೆದ ಉತ್ತರದಲ್ಲಿ ಸ್ವಾಮಿಗಳು ದಾಕ್ಷಿಣ್ಯವನ್ನು ಇಟ್ಟುಕೊಳ್ಳಲಿಲ್ಲ. ಸಮಾಜ ಮೆಚ್ಚುವಂತೆ ಸವಿಮಾತಾಡುವುದು ತಮ್ಮ ಧರ್ಮವಲ್ಲವೆಂದು ಖಂಡಿತವಾಗಿ ತಿಳಿಸಿದರು. ಉಪಕಾರ ಪಡೆದವರಿಗೆ ಇಂಥ ಕಾಗದವನ್ನು ಬರೆಯುವುದು ಸುಲಭವೆ? ಆದರೆ ಬಾಂಧವ್ಯ ಮುರಿಯಲಿಲ್ಲ. ಅದೇ ತಿಂಗಳಲ್ಲಿ ಅವರಿಬ್ಬರೂ ಹಾಸ್ಯದ ಪದ್ಯಗಳಲ್ಲಿ ಜಗಳವನ್ನು ಮುಂದುವರಿಸಿದರು. ತಂಗಿಗೆ ಅಣ್ಣನ ಕಾಗದಗಳು ಮುಂದೆಯೂ ವರ್ಷಗಟ್ಟಲೆ ಹೋಗುತ್ತಲೇ ಇದ್ದುವು.

ಆ ವೇಳೆಗೆ ಅವರು ನ್ಯೂಯಾರ್ಕಿನ ಸಾಧಾರಣವಾದೊಂದು ಬೀದಿಯಲ್ಲಿ ಬಾಡಿಗೆಯ ಕೋಣೆ ಹಿಡಿದಿದ್ದರು. ಪಾಠಕ್ಕೆ ಶುಲ್ಕವಿಲ್ಲ, ಕುರ್ಚಿಗಳು ಸಾಲದೆ ಶಿಷ್ಯರು ನೆಲದ ಮೇಲೆ ಕುಳಿತರು. ಆ ಬೇಸಿಗೆಯಲ್ಲಿ ಸೇಂಟ್ ಲಾರೆನ್ಸ್ ನದಿಯ ದ್ವೀಪವೊಂದರಲ್ಲಿ ಶಿಷ್ಯೆಯೊಬ್ಬರು ತಮ್ಮ ಮನೆಯನ್ನೇ ಪಾಠಶಾಲೆಯಾಗಿ ಬಿಟ್ಟುಕೊಟ್ಟರು. ಅಲ್ಲಿ ಸುಮಾರು ಏಳು ವಾರಗಳ ಕಾಲ ಹನ್ನೆರಡು ಮಂದಿಗೆ ಮೀರದ ಶಿಷ್ಯರೊಡನೆ ಒಂದೇ ಸೂರಿನ ಕೆಳಗಿದ್ದು ಬೋಧಿಸಿದರು. ಕೆಲವೊಮ್ಮೆ ತಾವೇ ಅಡಿಗೆ ಮಾಡಿ ಬಡಿಸಿದರು. ಹೀಗೆ ಅತಿಥಿಯೇ ಅನ್ನವಿಡುವವರಾದರು.

ಮೈಸೂರಿನವರಾದ ನಮಗೆ ಇದು ತೀರ ದೂರದ ಕಥೆಯಲ್ಲ. 1892ರಲ್ಲಿ ಸ್ವಾಮಿಗಳು ಇಲ್ಲಿ ದಿವಾನ್ ಶೇಷಾದ್ರಿ ಅಯ್ಯರವರ ಅತಿಥಿಯಾಗಿದ್ದರು. 1894ನೆಯ ಜೂನ್ 23ರಂದು ಚಿಕಾಗೋವಿನಿಂದ ಶ್ರೀ ಚಾಮರಾಜ ಒಡೆಯರವರಿಗೆ ಬರೆದ ಕಾಗದದಲ್ಲಿ, ತಾವು ಆ ದೇಶಕ್ಕೆ ಬರಲು ದೊರೆಗಳು ನೀಡಿದ ನೆರವನ್ನು ಅವರು ಮೊದಲು ನೆನೆದಿದ್ದಾರೆ. ಉಪಕಾರವನ್ನು ಮರೆಯದಿರುವುದು ಒಂದು. ಅದಕ್ಕಾಗಿ ಸತ್ಯವನ್ನು ಅಡಗಿಸದಿರುವುದು ಮತ್ತೊಂದು. ಇವೆರಡನ್ನೂ ಒಟ್ಟಿಗೆ ಉಳಿಸಿಕೊಂಡವರಿಗೆ ಪರರ ಮನೆ ಹಂಗಿನ ಮನೆಯಾಗುವುದಿಲ್ಲ. ಇಂದು ಪಾಠ ಹೇಳಲು ಕಡಲಾಚೆಗೆ ಹೊರಡುವ ನಮ್ಮ ತರುಣರು ಗಂಟಿನಲ್ಲಿ ಕಟ್ಟಿಕೊಳ್ಳಬೇಕಾದ ಬುತ್ತಿಯೂ ಇದೇ ಎಂದು ನಾವು ಭಾವಿಸುತ್ತೇವೆ.